ನೆಲಕ್ಕೆ ಹೊಲಿದ ಕೋಟು

ಹೊಟ್ಟೆಕಿಚ್ಚು ಎಂಬುದು ಬಹಳ ಕೆಟ್ಟ ಗುಣ. ದೇವರ ದಯೆಯಿಂದ ಅದು ನನ್ನಲ್ಲಿಲ್ಲ. ನಮ್ಮಣ್ಣನಲ್ಲಿ ಇದೆ. ಮುಂದಿನದನ್ನು ಓದುವವರು ಈ ಒಂದು ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮಣ್ಣ ಎಂದರೆ ನನ್ನ ಅಣ್ಣನಲ್ಲ, ನನ್ನ ಹೆಂಡತಿಯ ಅಣ್ಣ. ಮದುವೆಯಾದ ಮರುದಿನದಿಂದ ಆಕೆ ಕಣ್ಣು ಮುಚ್ಚುವವರೆಗೆ, ನಲವತ್ತೊಂದು ವರ್ಷ, ನಮ್ಮ ಮನೆಯಲ್ಲಿ ಆ ಮನುಷ್ಯರಿಗೆ ಬೇರೆ ಹೆಸರೇ ಇರಲಿಲ್ಲ. ನಾನು ಹೊಡೆದ ಮೊಳೆ ಸೊಟ್ಟಗಾದರೆ, “ನಮ್ಮಣ್ಣ ಆಗಿದ್ರೆ ಮೊದಲು ಪೆನ್ಸಿಲಿನಲ್ಲಿ ಗುರುತು ಹಾಕೋನು” ಎನ್ನುವಳು. ನನಗೆ ಬಸ್ಸು ತಪ್ಪಿದರೆ, “ನಮ್ಮಣ್ಣ ಆಗಿದ್ರೆ ಕಾಲು ಗಂಟೆ ಮೊದಲೇ ಹೋಗಿ ನಿಂತಿರೋನು.” ನನಗೆ ಕೆಮ್ಮು ಬಂದರೆ, ನಮ್ಮಣ್ಣನಿಗೆ ಕೆಮ್ಮು ಬರುತ್ತಲೇ ಇರಲಿಲ್ಲ. ನಾನು ಒಂದು ಮಾತೂ ಆಡುತ್ತಿರಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಮಾತ್ರ, “ದೇವರೇ, ನಮ್ಮ ಭಾವನಿಗೆ ಒಳ್ಳೆಯದು ಮಾಡು. ಅವಸರವೇನಿಲ್ಲ” ಎಂದು ಬೇಡಿಕೊಳ್ಳುತ್ತಿದ್ದೆ.

ಅವರು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದವರು. ನಾನು ದರ್ಜಿ. ಗಂಡಸರ ಕೋಟು ಹೊಲಿಯುವುದು ನನ್ನ ಕಸುಬು. ಹೆಂಡತಿಗೂ ಒಂದು ಕೋಟು ಹೊಲಿದುಕೊಡುತ್ತೇನೆಂದು ಇಪ್ಪತ್ತು ವರ್ಷ ಹೇಳಿದೆ. ಹೇಳಿದ್ದು ಸುಳ್ಳಲ್ಲ. ಪ್ರತಿ ವರ್ಷವೂ ಗಿರಾಕಿಗಳ ಕೆಲಸ ಮುಗಿಯಲಿ ಎಂದು ಕಾಯುತ್ತಿದ್ದೆ, ಅಷ್ಟೆ. ಒಂದು ಚಳಿಗಾಲದಲ್ಲಿ ನಮ್ಮಣ್ಣ ಅಂಗಡಿಯಿಂದ ಸಿದ್ಧ ಕೋಟೊಂದನ್ನು ತಂದುಕೊಟ್ಟುಬಿಟ್ಟರು. ದರ್ಜಿಯ ಹೆಂಡತಿಗೆ ಸಿದ್ಧ ಕೋಟು! ಅದರ ಗುಂಡಿಗಳು ಎರಡು ತಿಂಗಳಿಗೊಂದರಂತೆ ಉದುರುತ್ತಿದ್ದವು. ಪ್ರತಿ ಸಲವೂ ಹೊಲಿದು ಕೊಟ್ಟವನು ನಾನು. ಕೋಟು ನಮ್ಮಣ್ಣನದು, ಗುಂಡಿ ನನ್ನದು. ಊರಲ್ಲಿ ಹೆಸರು ಮಾತ್ರ ಕೋಟಿಗೆ.

ಆಕೆ ತೀರಿಕೊಂಡು ಏಳು ತಿಂಗಳಾದ ಮೇಲೆ ನನ್ನ ಮಗಳು ನನ್ನನ್ನು ಕೇಳದೆ ಒಂದು ಅರ್ಜಿ ಹಾಕಿದಳು. ನೀರಿನ ಟ್ಯಾಂಕಿನ ಹಿಂದಿನ ಖಾಲಿ ಜಾಗವನ್ನು ನಮ್ಮ ಬಡಾವಣೆಯ ಸಂಘದವರು ಇಪ್ಪತ್ತನಾಲ್ಕು ತುಂಡು ಮಾಡಿ, ತರಕಾರಿ ಬೆಳೆಯುವವರಿಗೆ ಚೀಟಿ ಎತ್ತಿ ಕೊಡುತ್ತಿದ್ದರು. “ಅಪ್ಪ ದಿನವೆಲ್ಲ ಗೋಡೆ ನೋಡ್ಕೊಂಡು ಕೂತಿರ್ತಾರೆ. ಅದರ ಬದಲು ಮೂಲಂಗಿ ನೋಡಲಿ” ಎಂದು ಅವಳ ಲೆಕ್ಕ. ನನಗೆ ಹನ್ನೊಂದನೇ ತುಂಡು ಬಂತು. ಹನ್ನೆರಡನೆಯದು ಯಾರಿಗೆ ಬಂತೆಂದು ಹೇಳಬೇಕಾಗಿಲ್ಲ. ದೇವರಿಗೆ ಬೇರೆ ಕೆಲಸ ಬಹಳ ಇದ್ದರೂ ಇಂಥದ್ದಕ್ಕೆ ಹೇಗೋ ಬಿಡುವು ಮಾಡಿಕೊಳ್ಳುತ್ತಾನೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಒಂದು ಡಬ್ಬಿಯ ವಿಷಯವಿತ್ತು.

ಅದು ನಮ್ಮ ಅಂಗಡಿಯ ಹಳೆಯ ತಗಡಿನ ಡಬ್ಬಿ, ಕೋಟಿನ ಗುಂಡಿಗಳನ್ನು ಹಾಕಿಡುತ್ತಿದ್ದದ್ದು. ನನ್ನ ಹೆಂಡತಿ ಬಾಲ್ಕನಿಯ ಮೂರು ಕುಂಡಗಳಲ್ಲಿ ಹುರುಳಿಕಾಯಿ ಬಳ್ಳಿ ಬೆಳೆಸಿ, ಪ್ರತಿ ವರ್ಷ ಒಣಗಿದ ಕಾಯಿಯಿಂದ ಬೀಜ ಆರಿಸಿ ಆ ಡಬ್ಬಿಗೆ ಹಾಕುತ್ತಿದ್ದಳು. ಮುಂದಿನ ವರ್ಷ ಆ ಬೀಜದಿಂದ ಬಳ್ಳಿ, ಆ ಬಳ್ಳಿಯಿಂದ ಬೀಜ. ಹೀಗೆ ಮದುವೆಯಾದಾಗಿನಿಂದ ಒಂದೇ ಬಳ್ಳಿ ನಮ್ಮ ಮನೆಯಲ್ಲಿ ಬದುಕುತ್ತ ಬಂದಿತ್ತು. ಆಕೆ ಹಾಸಿಗೆ ಹಿಡಿದ ವರ್ಷ ಯಾರೂ ಬಿತ್ತಲಿಲ್ಲ. ಈ ವರ್ಷವೂ ಬಿತ್ತದಿದ್ದರೆ ಬೀಜ ಹಳತಾಗಿ ಹುಟ್ಟುವುದಿಲ್ಲ. ಡಬ್ಬಿಯಲ್ಲಿ ಉಳಿದದ್ದು ಹದಿನೇಳು.

“ಆ ಬೀಜ ನನ್ನ ತಂಗಿದು” ಎಂದರು ನಮ್ಮಣ್ಣ, ನಮ್ಮ ಮನೆಯ ಕುರ್ಚಿಯಲ್ಲಿ ಕುಳಿತು. “ಮೊದಲ ಬೀಜ ಅವಳು ತಂದದ್ದು ನಮ್ಮ ಮನೆಯಿಂದ.”

“ಡಬ್ಬಿ ನನ್ನದು, ಭಾವ” ಎಂದೆ.

“ಡಬ್ಬಿ ನೀವೇ ಇಟ್ಕೊಳ್ಳಿ ಭಾವನೋರೇ. ಡಬ್ಬಿ ಬಿತ್ತೋದಿಲ್ಲವಲ್ಲ.”

ಮಗಳು ಡಬ್ಬಿಯನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡಳು. “ಹಂಚೋಣ ಅಂದ್ರೆ ಹದಿನೇಳು. ಒಬ್ಬರಿಗೆ ಎಂಟು, ಒಬ್ಬರಿಗೆ ಒಂಬತ್ತು ಬಂದ್ರೆ ನೀವಿಬ್ರೂ ಸಾಯೋವರೆಗೂ ಮಾತಾಡಲ್ಲ. ಅಮ್ಮ ಒಂದೇ ಕೈಗೆ ಕೊಡು ಅಂದಿದ್ಲು. ಯಾವ ಕೈ ಅಂತ ಹೇಳಲಿಲ್ಲ. ಭಾನುವಾರ ಸಂಘದವರು ತುಂಡು ನೋಡೋಕೆ ಬರ್ತಾರಲ್ಲ, ಅವತ್ತು ಯಾರ ನೆಲ ಚೆನ್ನಾಗಿ ಸಿದ್ಧವಾಗಿರುತ್ತೋ ಅವರಿಗೆ.”

“ಸರಿ ಮಗಳೇ” ಎಂದರು ನಮ್ಮಣ್ಣ, ಆಗಲೇ ಗೆದ್ದವರ ಹಾಗೆ.

ಅವರಿಗೆ ಆ ಧೈರ್ಯ ಬರಲು ಕಾರಣ ಅವರ ನಕ್ಷೆ. ಎರಡು ವಾರದಿಂದ ದಪ್ಪ ಕಾಗದದ ಮೇಲೆ ಬಣ್ಣದ ಪೆನ್ಸಿಲುಗಳಲ್ಲಿ ಹನ್ನೆರಡನೇ ತುಂಡನ್ನು ಬರೆಯುತ್ತಿದ್ದರು. ನಡುವೆ ಸೂರ್ಯನ ಹಾಗೆ ಗುಂಡಗಿನ ಪಾತಿ, ಸುತ್ತ ಕಿರಣಗಳ ಹಾಗೆ ಉದ್ದ ಪಾತಿಗಳು, ಒಂದೊಂದು ಕಿರಣಕ್ಕೆ ಒಂದೊಂದು ಬಣ್ಣ. ಟೊಮ್ಯಾಟೊ ಕೆಂಪು, ಮೂಲಂಗಿ ಬಿಳಿ. ಬಿಳಿ ಕಾಗದದ ಮೇಲೆ ಬಿಳಿ ಮೂಲಂಗಿ ಬರೆದು ಅದು ಕಾಣುವ ಹಾಗೆ ಮಾಡಿದ್ದರು ಎಂದರೆ ಅವರ ಕೈಚಳಕವನ್ನು ನೀವೇ ಊಹಿಸಿಕೊಳ್ಳಿ. ಸಂಘದ ಕಾರ್ಯದರ್ಶಿ ಅದನ್ನು ನೋಟೀಸು ಹಲಗೆಗೆ ಅಂಟಿಸಿದರು. ಜನ ಬಂದು ನಿಂತು ನೋಡಿದರು.

“ಏನು ಕೈ ಸಾರ್! ತಿನ್ನೋ ಹಾಗಿದೆ” ಎಂದಳು ಒಬ್ಬಾಕೆ.

“ಕಾಗದ ತಿಂದ್ರೆ ಹೊಟ್ಟೆ ನೋಯುತ್ತಮ್ಮ” ಎಂದೆ ನಾನು. ಆರೋಗ್ಯದ ದೃಷ್ಟಿಯಿಂದ ಹೇಳಿದ್ದು.

ಕಾರ್ಯದರ್ಶಿಯವರು ಹಿಂದೆ ರೈಲ್ವೆ ಸ್ಟೇಷನ್ ಮಾಸ್ತರಾಗಿದ್ದವರು. ಈಗಲೂ ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ. ನಿಯಮವನ್ನು ಅವರು ನಮ್ಮಿಬ್ಬರಿಗೂ ಓದಿ ಹೇಳಿದರು: ಭಾನುವಾರ ಒಂಬತ್ತು ಗಂಟೆಗೆ ತಪಾಸಣೆ. ಅಗೆದು ಪಾತಿ ಮಾಡದ ತುಂಡು ರದ್ದು. ಅದು ಕಾಯುವವರ ಪಟ್ಟಿಯಲ್ಲಿ ಮೊದಲಿರುವವರಿಗೆ ಹೋಗುತ್ತದೆ.

ಆ ಪಟ್ಟಿಯಲ್ಲಿ ಮೊದಲಿದ್ದವರು ನಮ್ಮ ಮೇಲಿನ ಮನೆಯ ನರ್ಸಮ್ಮ. ಆಸ್ಪತ್ರೆ ಕೆಲಸದಿಂದ ನಿವೃತ್ತರಾದವರು. ಗುದ್ದಲಿ ಹೆಗಲ ಮೇಲಿಟ್ಟುಕೊಂಡೇ ಓಡಾಡುತ್ತಿದ್ದರು. ತುಂಡು ಸಿಕ್ಕವರಲ್ಲಿ ವಯಸ್ಸಾದವರನ್ನು ಕಂಡರೆ ನಿಲ್ಲಿಸಿ, “ಯಾಕೋ ಮುಖ ಬಾಡಿದೆ. ಬಿಪಿ ಹೇಗಿದೆ? ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?” ಎಂದು ಬಹಳ ಆಸೆಯಿಂದ ವಿಚಾರಿಸುತ್ತಿದ್ದರು.

ನನಗೆ ಚಿತ್ರ ಬರೆಯಲು ಬಾರದು. ಆದರೆ ದರ್ಜಿಗೆ ಚಿತ್ರವೇಕೆ? ಅವನಿಗೆ ಬೇಕಾದ್ದು ಕಾಗದದ ಕಟಿಂಗು. ಮೈ ಅಳತೆ ತೆಗೆದುಕೊಂಡು, ಅದೇ ಅಳತೆಗೆ ಕಾಗದ ಕತ್ತರಿಸಿ, ಬಟ್ಟೆಯ ಮೇಲೆ ಹಾಸಿ ಗುರುತು ಹಾಕಿದರೆ ಮುಗಿಯಿತು. ನಾನು ಟೇಪು ಹಿಡಿದು ಹೋಗಿ ಹನ್ನೊಂದನೇ ತುಂಡಿನ ಅಳತೆ ತೆಗೆದೆ. ತೆಗೆಯುವಾಗಲೇ ಮೈ ಜುಮ್ಮೆಂದಿತು. ಹನ್ನೊಂದು, ಹನ್ನೆರಡು ಎರಡೂ ಅಕ್ಕಪಕ್ಕ. ನಡುವೆ ಒಂದು ಕಾಲುದಾರಿ. ದಾರಿಯ ಕೊನೆಯಲ್ಲಿ, ಹಿಂದಿನ ಗೇಟಿನ ಹತ್ತಿರ, ನಲ್ಲಿ. ನಲ್ಲಿಯ ಕಟ್ಟೆಗಾಗಿ ಎರಡು ತುಂಡಿನಿಂದಲೂ ದಾರಿಯ ಕಡೆಯ ಮೂಲೆಯನ್ನು ಕಾಲು ಚಂದ್ರನ ಹಾಗೆ ಕೊರೆದಿದ್ದಾರೆ. ಅದು ಕೊರಳಲ್ಲದೆ ಮತ್ತೇನು? ತೊಟ್ಟವರ ಲೆಕ್ಕದಲ್ಲಿ ಹನ್ನೊಂದು ಬಲ ಮುಂಭಾಗ, ಹನ್ನೆರಡು ಎಡ ಮುಂಭಾಗ, ನಡುವಿನ ದಾರಿಯೇ ಗುಂಡಿಪಟ್ಟಿ. ದೇವರು ಅಲ್ಲಿ ಒಂದು ಕೋಟನ್ನು ಕತ್ತರಿಸಿ ಹಾಸಿಟ್ಟಿದ್ದ. ನನ್ನ ಕಣ್ಣಿಗೆ ಬೀಳಲಿ ಎಂದೇ ಇರಬೇಕು. ಡ್ರಾಯಿಂಗ್ ಮೇಷ್ಟರಿಗೆ ಅದು ಕಂಡಿರಲೇ ಇಲ್ಲ.

ಮನೆಗೆ ಬಂದು ಕಂದು ಕಾಗದದ ಹಾಳೆಗಳನ್ನು ಮಿಷನ್ನಿನಲ್ಲಿ ಒಂದಕ್ಕೊಂದು ಹೊಲಿದು, ನೆಲದ ನಿಜವಾದ ಅಳತೆಗೆ ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಕಟಿಂಗು ಮಾಡಿದೆ. ನಡುಮನೆ ಸಾಲದೆ ಊಟದ ಮೇಜನ್ನು ಹೊರಗಿಟ್ಟೆ. ಕಾಲರಿನ ಜಾಗದಲ್ಲಿ ಕೊತ್ತಂಬರಿ, ಎದೆಯ ಮೇಲೆ ಮೂಲಂಗಿಯ ಸಾಲುಗಳು, ಕೆಳಗೆ ಒಂದು ದೊಡ್ಡ ಜೇಬು, ಅದರ ತುಂಬ ಟೊಮ್ಯಾಟೊ. ದಾರಿಯ ಅಂಚಿಗೆ ಗುಂಡಿಗಳ ಸಾಲು. ಎಷ್ಟು ಗುಂಡಿ? ಹದಿನೇಳು. ಪಾತಿಯ ಗೆರೆಗಳ ಮೇಲೆಲ್ಲ ಸೀಳು ಬಿಟ್ಟೆ, ಸುಣ್ಣದ ಪುಡಿ ಚೆಲ್ಲಿದರೆ ನೆಲದ ಮೇಲೆ ಗುರುತು ಬೀಳಲಿ ಎಂದು.

ಮಗಳು ಒಳಗೆ ಬಂದು ಹೊಸ್ತಿಲಲ್ಲೇ ನಿಂತಳು. “ಅಪ್ಪ, ಇದು ಯಾರಿಗೆ ಅಂಗಿ? ನೀರಿನ ಟ್ಯಾಂಕಿಗಾ?”

“ಕೆಲಸ ಮಾಡೋವಾಗ ಮಾತಾಡಿಸಬೇಡ.”

“ಮಾವನ ಹಾಗೆ ಸಣ್ಣ ಕಾಗದದಲ್ಲಿ ಬರೆದಿದ್ರೆ ಆಗ್ತಿರಲಿಲ್ವಾ?”

ಆ ಮಾತಿಗೆ ನಾನು ಕತ್ತರಿ ಕೆಳಗಿಟ್ಟೆ. ಅವಳ ದನಿ ತದ್ವತ್ ಅವಳ ತಾಯಿಯದು. ನಾನು ಮೂಗು ಒರೆಸಿಕೊಂಡು, “ಹೋಗಿ ಮೇಜಿನ ಮೇಲೆ ಊಟ ಮಾಡು” ಎಂದೆ. “ಮೇಜು ಬೀದೀಲಿದೆ ಅಪ್ಪ” ಎಂದಳು.

ಕಟಿಂಗನ್ನು ಸುತ್ತಿ ಹೆಗಲ ಮೇಲಿಟ್ಟುಕೊಂಡರೆ ತೊಲೆ ಹೊತ್ತ ಹಾಗೆ ಕಾಣುತ್ತಿತ್ತು. ಮುಂದಿನ ಗೇಟಿಗೆ ಹೋಗಬೇಕಾದರೆ ನಮ್ಮಣ್ಣನ ಮನೆಯ ಮುಂದೆಯೇ ಹಾಯಬೇಕು. ನನ್ನ ಯೋಜನೆಯನ್ನು ಅವರು ಕಂಡರೆ ಕದಿಯದೆ ಬಿಡುವವರಲ್ಲ. ಆದ್ದರಿಂದ ಗುರುವಾರ ಬೆಳಕು ಹರಿಯುವ ಹೊತ್ತಿಗೆ, ಮಂಜಿನಲ್ಲಿ, ಹಿಂದಿನ ಗೇಟಿನಿಂದ ಒಳಹೊಕ್ಕೆ.

ಇಲ್ಲಿ ಓದುಗರು ಸ್ವಲ್ಪ ನಿಧಾನಿಸಬೇಕು. ಮುಂದಿನ ಗೇಟಿನಿಂದ ಬಂದಾಗ ನನ್ನ ತುಂಡು ದಾರಿಯ ಎಡಗಡೆ. ಇದು ನನಗೆ ಚೆನ್ನಾಗಿ ನೆನಪಿತ್ತು. ಹಿಂದಿನ ಗೇಟಿನಿಂದ ಬಂದಾಗಲೂ ನಾನು ಎಡಕ್ಕೇ ತಿರುಗಿದೆ. ನಂಬರಿನ ಗೂಟಗಳು ಮುಂದಿನ ಗೇಟಿಗೆ ಮುಖ ಮಾಡಿದ್ದವು. ನನಗೆ ಕಂಡದ್ದು ಅವುಗಳ ಬೋಳು ಬೆನ್ನು. ಎರಡು ತುಂಡಿನಲ್ಲೂ ಒಂದೇ ಸಮನೆ ಕಳೆ.

ಆದರೂ ದೇವರು ನನ್ನನ್ನು ಕಾಪಾಡಬಹುದಾಗಿತ್ತು. ಕಾಗದವನ್ನು ಸರಿಯಾಗಿ ಹಾಸಿದ್ದರೆ ಆ ನೆಲಕ್ಕೆ ಅದು ಕೂರುತ್ತಲೇ ಇರಲಿಲ್ಲ. ಕೊರಳಿನ ಕೊರೆತ ದಾರಿಯ ಕಡೆ ಬರದೆ ಬೇಲಿಯ ಕಡೆ ಬೀಳುತ್ತಿತ್ತು. ಆಗ ನನಗೆ ಬುದ್ಧಿ ಬರುತ್ತಿತ್ತು. ಆದರೆ ನಾನು ಕಾಗದವನ್ನು ಸರಿಯಾಗಿ ಹಾಸಲಿಲ್ಲ. ಬರೆದ ಮುಖ ಮೇಲಿದ್ದರೆ ಯಾರಾದರೂ ನೋಡಿ ನಮ್ಮಣ್ಣನಿಗೆ ಹೇಳಿಯಾರು ಎಂದು ಬೋರಲು ಹಾಸಿದೆ. ಬೋರಲು ಹಾಸಿದ ಬಲಭಾಗ ಎಡಭಾಗವಾಗುತ್ತದೆ ಎಂಬುದು ದರ್ಜಿ ಅಂಗಡಿಯಲ್ಲಿ ಗುಂಡಿ ತೂರಿಸುವ ಕಾಜ ಹಾಕುವವನಿಗೂ ಗೊತ್ತು. ನನಗೂ ನಲವತ್ತು ವರ್ಷದಿಂದ ಗೊತ್ತು. ಆ ಬೆಳಗ್ಗೆ ಮಾತ್ರ ಗೊತ್ತಿರಲಿಲ್ಲ. ಕಾಗದ ನೆಲಕ್ಕೆ ಕೈಗವಸಿನ ಹಾಗೆ ಕೂತಿತು. ಕೊರೆತ ನಲ್ಲಿಕಟ್ಟೆಗೆ ಅಂಟಿ ನಿಂತಿತು. “ಅಳತೆ ಅಂದ್ರೆ ಇದು!” ಎಂದು ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಎರಡು ತಪ್ಪುಗಳು ಕೈಕೈ ಹಿಡಿದು ಒಂದಕ್ಕೊಂದು ಸಾಕ್ಷಿ ಹೇಳಿದ ಮೇಲೆ ಬಡ ದರ್ಜಿ ಮಾಡುವುದೇನು?

ಸುಣ್ಣ ಚೆಲ್ಲಿದೆ. ಅಗೆದೆ. ಗುರುವಾರ ಕಾಲರು, ಶುಕ್ರವಾರ ಎದೆ, ಶನಿವಾರ ಜೇಬು. ಪ್ರತಿ ದಿನ ಬೆಳಕು ಹರಿಯುವಾಗ ಬಂದು, ಎಂಟಕ್ಕೆ ಹಿಂದಿನ ಗೇಟಿನಿಂದಲೇ ಹೋದೆ. ಅರುವತ್ತೆಂಟು ವರ್ಷದ ಬೆನ್ನು ಮಿಷನ್ನಿನ ಮುಂದೆ ಬಾಗುವುದನ್ನು ಬಲ್ಲದೇ ಹೊರತು ಗುದ್ದಲಿಯ ಮುಂದೆ ಬಾಗುವುದನ್ನಲ್ಲ. ಕಲ್ಲು ಆರಿಸಿದೆ. ಹೆಂಟೆಯನ್ನು ಬೆರಳಿನಿಂದ ಪುಡಿ ಮಾಡಿದೆ. ಪಾತಿಯ ಅಂಚನ್ನು ಇಸ್ತ್ರಿ ಮಾಡಿದ ಹಾಗೆ ಹಲಗೆಯಿಂದ ಒತ್ತಿದೆ. ಒಂದೊಂದು ಗುದ್ದಲಿ ಏಟಿಗೂ ನಮ್ಮಣ್ಣನ ಮುಖ ಹೇಗೆ ಸಣ್ಣದಾಗುತ್ತದೆ ಎಂದು ನೆನೆದುಕೊಂಡೆ. ಕೈಗೆ ಬಲ ಬಂತು. ಪಕ್ಕದ ತುಂಡಿನಲ್ಲಿ ಮೊಣಕಾಲುದ್ದ ಕಳೆ ಹಾಗೆಯೇ ನಿಂತಿರುವುದನ್ನು ಕಂಡು, “ಪಾಪ, ಇನ್ನೂ ಬಣ್ಣ ಹಚ್ಚುತ್ತಿರಬೇಕು” ಎಂದು ಮರುಗಿದೆ ಕೂಡ.

ಶನಿವಾರ ನರ್ಸಮ್ಮ ನಲ್ಲಿಯ ಹತ್ತಿರ ನಿಂತು ಬಹಳ ಹೊತ್ತು ನೋಡಿದರು.

“ಇಂಥದ್ದನ್ನ ನಾನು ಕಂಡೇ ಇರಲಿಲ್ಲ” ಎಂದರು.

“ಕೈ ಪಳಗಿದೆ ಅಮ್ಮ.”

“ಕೈ ಅಲ್ಲ, ಮನಸ್ಸು. ಅವರು ಹೋದ ಮೇಲೂ ಆ ಸಂಬಂಧ ಬಿಡದೆ ಇಷ್ಟು ಮಾಡ್ತಾ ಇದ್ದೀರಲ್ಲ, ಅದೂ ಈ ವಯಸ್ಸಿನಲ್ಲಿ!” ಎಂದು ಕಣ್ಣೊರೆಸಿಕೊಂಡರು. ಮರುಕ್ಷಣವೇ ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದರು. “ನಿಮ್ಮ ತುಂಡು ಮಾತ್ರ ನಾನು ಚೆನ್ನಾಗಿ ನೋಡ್ಕೋತೀನಿ, ಚಿಂತೆ ಬೇಡ.”

ಹೆಂಡತಿಯ ಮೇಲಿನ ನನ್ನ ಪ್ರೀತಿಯನ್ನು ಮೆಚ್ಚಿದರೆಂದು ತಿಳಿದೆ. ಕೊನೆಯ ಮಾತು ಅರ್ಥವಾಗಲಿಲ್ಲ. ನಾಡಿ ನಿಧಾನವಿರಬೇಕೆಂದುಕೊಂಡು ಮನೆಗೆ ಬಂದು ಒಂದು ಲೋಟ ಉಪ್ಪು ಹಾಕಿದ ನಿಂಬೆ ನೀರು ಕುಡಿದೆ.

ಭಾನುವಾರ ಬಂತು. ಈಗ ಮುಚ್ಚಿಡುವುದೇನೂ ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳನ್ನು ಕರೆದುಕೊಂಡು, ಎದೆಯುಬ್ಬಿಸಿ ಮುಂದಿನ ಗೇಟಿನಿಂದಲೇ ಹೋದೆ. ನನ್ನ ಕೋಟಿನ ಮುಂದೆ ಹತ್ತಾರು ಜನ ಸೇರಿದ್ದರು. ಕಾರ್ಯದರ್ಶಿ ಪುಸ್ತಕ ಬಿಚ್ಚಿ ನಿಂತಿದ್ದರು. ಕಾಲರು, ಎದೆ, ಜೇಬು, ಸುಣ್ಣದ ಹದಿನೇಳು ಚುಕ್ಕೆ. ಎಲ್ಲವೂ ಬಿಸಿಲಿಗೆ ಹೊಸ ಬಟ್ಟೆಯ ಹಾಗೆ ಹೊಳೆಯುತ್ತಿದ್ದವು. ಅದರ ಪಕ್ಕದಲ್ಲಿ ನಮ್ಮಣ್ಣ ಕೈಕಟ್ಟಿ ನಿಂತಿದ್ದರು.

“ಅದ್ಭುತ!” ಎಂದರು ಕಾರ್ಯದರ್ಶಿ. “ಇಪ್ಪತ್ತನಾಲ್ಕು ತುಂಡಿನಲ್ಲಿ ಇಂಥದ್ದು ಇನ್ನೊಂದಿಲ್ಲ.”

ನಾನು ಮುಂದೆ ಬಂದು, “ಎಲ್ಲ ದೇವರ ದಯೆ” ಎಂದು ತಲೆ ಬಾಗಿಸಿದೆ.

“ನಿಮಗಲ್ಲ ಸ್ವಾಮಿ. ಸ್ವಲ್ಪ ದಾರಿ ಬಿಡಿ. ಮೇಷ್ಟ್ರೇ, ನಿಮ್ಮ ನಕ್ಷೆಯಲ್ಲಿ ಸೂರ್ಯ ಇತ್ತಲ್ಲ, ಇದೇನು ಬೇರೆ ಥರ ಇದೆ?”

ನಮ್ಮಣ್ಣ ಗಂಟಲು ಸರಿಮಾಡಿಕೊಂಡರು. “ನಕ್ಷೆ... ಬೆಳೀತು.”

ಭೂಮಿ ಬಾಯಿಬಿಡಲಿ ಎಂದು ಜನ ಹೇಳುತ್ತಾರೆ. ನನ್ನ ವಿಷಯದಲ್ಲಿ ಭೂಮಿಯನ್ನು ಮೂರು ದಿನ ಅಗೆದು ಬಾಯಿ ಬಿಡಿಸಿದವನು ನಾನೇ. “ಬೆಳೀತಾ? ಅದು ನನ್ನ ಕಾಲರು! ಅದು ನನ್ನ ಜೇಬು!” ಎಂದು ಕೂಗಿದೆ. ಜನ ನನ್ನ ಅಂಗಿಯ ಕಾಲರನ್ನೂ ಜೇಬನ್ನೂ ನೋಡಿದರು. ಎರಡೂ ಅದರದರ ಜಾಗದಲ್ಲೇ ಇದ್ದವು.

ಕಾರ್ಯದರ್ಶಿ ಗೂಟದ ಕಡೆ ಬೆರಳು ತೋರಿಸಿದರು. ಗೂಟದ ಮೇಲೆ ದಪ್ಪ ಬಣ್ಣದಲ್ಲಿ ಹನ್ನೆರಡು ಎಂದಿತ್ತು. ಆಚೆ, ಮೊಣಕಾಲುದ್ದದ ಕಳೆಯಲ್ಲಿ, ಹನ್ನೊಂದು ಎಂದಿತ್ತು.

“ಅಪ್ಪ” ಎಂದಳು ಮಗಳು ಮೆಲ್ಲಗೆ, “ಕಾಗದ ಬೋರಲು ಹಾಸಿದ್ಯಾ?”

ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ. ದರ್ಜಿಯ ಮಗಳಿಗೆ ಹೆಚ್ಚು ಹೇಳಬೇಕಾಗಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದಾರೆ. ಕೈ ಒಬ್ಬನದು ಬಾಯಿ ಇನ್ನೊಬ್ಬನದು ಆಗಬಹುದೆಂದು ಅವರು ಎಚ್ಚರಿಸಿರಲಿಲ್ಲ.

“ಹನ್ನೊಂದನೇ ತುಂಡು, ಅಗೆದಿಲ್ಲ” ಎಂದು ಕಾರ್ಯದರ್ಶಿ ಪುಸ್ತಕಕ್ಕೆ ಪೆನ್ನು ಹಚ್ಚಿದರು. “ರ...”

“ನಾನು ಇಲ್ಲೇ ಇದ್ದೀನಿ” ಎಂದು ನರ್ಸಮ್ಮ ಗುದ್ದಲಿ ಇಳಿಸಿದರು. “ಭಾವನಿಗೆ ತಮ್ಮ ಪಾಲು ಬಿಟ್ಟು ದುಡಿದರಲ್ಲ, ಅಂಥ ದೊಡ್ಡ ಮನುಷ್ಯರು. ಬೇಜಾರು ಮಾಡ್ಕೊಳ್ಳಲ್ಲ.”

ನಾನು ನಮ್ಮಣ್ಣನ ಕಡೆ ತಿರುಗಿದೆ. “ಭಾವ, ನಿಮಗೆ ಗೊತ್ತಿತ್ತಾ?”

“ಗುರುವಾರದಿಂದ.”

“ನೋಡಿದ್ರಾ?”

“ಮೂರು ದಿನವೂ. ಟ್ಯಾಂಕಿನ ಮರೇಲಿ ಕುರ್ಚಿ ಹಾಕ್ಕೊಂಡು. ಫ್ಲಾಸ್ಕಿನಲ್ಲಿ ಟೀ ತಂದಿದ್ದೆ.”

“ಒಂದು ಮಾತು ಹೇಳಬಾರದಿತ್ತಾ?”

“ಹೇಳೋಣ ಅಂತಲೇ ಎದ್ದೆ. ಆಮೇಲೆ ಕೂತೆ.” ಅವರ ಮುಖ ಕೆಂಪಾಗಿತ್ತು. “ನಲವತ್ತೊಂದು ವರ್ಷ, ನಮ್ಮನೆಗೆ ಬಂದಾಗಲೆಲ್ಲ ಅವಳದು ಒಂದೇ ಮಾತು. ನಾನು ಗೆರೆ ಎಳೆದ್ರೆ, ‘ನಮ್ಮನೆಯವರು ಸ್ಕೇಲೇ ಮುಟ್ಟಲ್ಲ ಅಣ್ಣ, ಕೈಯಲ್ಲೇ ನೇರ ಕತ್ತರಿಸ್ತಾರೆ.’ ನಾನು ಕೋಟು ತಂದುಕೊಟ್ರೆ, ‘ಚೆನ್ನಾಗಿದೆ, ಆದ್ರೆ ನಮ್ಮನೆಯವರ ಹೊಲಿಗೆ ಆಗಿದ್ರೆ ಗುಂಡಿ ಉದುರ್ತಿರಲಿಲ್ಲ.’ ಕೇಳಿ ಕೇಳಿ ಕಿವಿ ತೂತಾಯ್ತು. ಅದೇನು ಕೈಯೋ ಒಂದು ಸಲ ನೋಡಿಬಿಡೋಣ ಅಂತ ಕೂತೆ.”

“ನೋಡಿದ್ರಲ್ಲ. ಏನನ್ನಿಸ್ತು?”

“ಹಾಳಾದ್ದು, ನೇರವಾಗೇ ಇತ್ತು!” ಎಂದು ನಮ್ಮಣ್ಣ ಗದರಿದರು.

ನಾನು ಅಲ್ಲೇ ನಲ್ಲಿಕಟ್ಟೆಯ ಮೇಲೆ ಕೂತೆ. ನಮ್ಮ ಮನೆಯಲ್ಲಿ ನನ್ನ ಹೊಲಿಗೆಯ ಬಗ್ಗೆ ಆಕೆ ಒಂದೇ ಒಂದು ಒಳ್ಳೆಯ ಮಾತು ಆಡಿದ್ದು ನಾನು ಕೇಳಿಲ್ಲ. ಎಲ್ಲವನ್ನೂ ಕೊಂಡೊಯ್ದು ಅಣ್ಣನ ಮನೆಯಲ್ಲಿ ಆಡಿ ಬಂದಿದ್ದಾಳೆ. ನರ್ಸಮ್ಮ ಓಡಿ ಬಂದು ನಾಡಿ ಹಿಡಿದರು. ಈ ಸಲ ನಿಜವಾಗಿಯೂ ಗಾಬರಿಯಿಂದ.

ಕಾರ್ಯದರ್ಶಿ ಗಡಿಯಾರ ನೋಡಿದರು. “ಒಂಬತ್ತು ಹನ್ನೆರಡು. ಮುಗಿಸೋಣವಾ?”

ನಮ್ಮಣ್ಣ ಅವರಿಗೆ ಅಡ್ಡ ನಿಂತರು. “ಮಾಸ್ತರೇ, ಗಾಡಿ ತಡವಾಗಿ ಬಂದ್ರೆ ಬೋರ್ಡಿನ ಮೇಲೆ ರದ್ದು ಅಂತ ಬರೀತಿದ್ರಾ?”

“ಛೆ ಛೆ. ತಡ ಬೇರೆ, ರದ್ದು ಬೇರೆ. ತಡಕ್ಕೆ ಹೊಸ ಸಮಯ ಬರೀಬೇಕು.”

“ಹಾಗಾದ್ರೆ ಬರೀರಿ. ಹನ್ನೊಂದನೇ ತುಂಡು, ತಪ್ಪು ಹಳಿಗೆ ಹೋಗಿದೆ. ಬರೋದು ತಡ. ಸಂಜೆ ಆರು.”

ಮೂವತ್ತು ವರ್ಷ ರೈಲು ಕಾಯ್ದ ಮನುಷ್ಯ ಬರೆದಿದ್ದ ‘ರ’ ಅಕ್ಷರವನ್ನು ಹೊಡೆದುಹಾಕಿದರು. ಆರು ಗಂಟೆ ಎಂದು ಬರೆದು ಸೀಟಿ ಊದಿದರು.

ಮಗಳು ಮನೆಯಿಂದ ತಂದ ಕಾಗದವನ್ನು ಬಿಚ್ಚಿ ಹನ್ನೊಂದರ ಮೇಲೆ ಹಾಸಿದೆವು, ಈ ಸಲ ಮುಖ ಮೇಲೆ. ನಮ್ಮಣ್ಣ ಬರಿಗಾಲಲ್ಲಿ ಇಳಿದರು. ಡ್ರಾಯಿಂಗ್ ಮೇಷ್ಟರು ದರ್ಜಿಯ ಗೆರೆಯ ಮೇಲೆ ಗುದ್ದಲಿ ಹಾಕುವುದನ್ನು ನಾನು ಕಣ್ತುಂಬ ನೋಡಿದೆ. “ಭಾವ, ಗೆರೆ ಬಿಟ್ಟು ಹೋಯ್ತು” ಎಂದು ಎರಡು ಸಲ ಅನ್ನುವ ಭಾಗ್ಯವೂ ಸಿಕ್ಕಿತು. ನರ್ಸಮ್ಮ, “ಗುದ್ದಲಿ ತಂದಾಗಿದೆ, ಬರಿಗೈಲಿ ಹೇಗೆ ಹೋಗೋದು” ಎಂದು ಜೇಬಿನ ಜಾಗವನ್ನು ಒಬ್ಬರೇ ಅಗೆದುಬಿಟ್ಟರು. ಅಗೆದು ನಮ್ಮಿಬ್ಬರ ಕಡೆ ನೋಡಿ, ಏದುಸಿರು ಯಾರಿಗೆ ಹೆಚ್ಚೆಂದು ಅಳೆಯುತ್ತಿದ್ದರು. ಐದೂವರೆಗೆ ಎರಡು ಮುಂಭಾಗಗಳೂ ಎದುರುಬದುರು ಮಲಗಿದವು.

ಮಗಳು ಡಬ್ಬಿ ತೆಗೆದಳು. ಎಲ್ಲರೂ ಹತ್ತಿರ ಬಂದರು.

“ಎರಡೂ ಸಮ ಇದೆ. ಈಗ ಯಾರಿಗೆ ಕೊಡಲಿ?”

“ನನ್ನ ತುಂಡಿನಲ್ಲಿ ಚುಕ್ಕೆ ಆಗಲೇ ಹಾಕಿದ್ದಾರೆ” ಎಂದರು ನಮ್ಮಣ್ಣ.

ಇದು ಕಸುಬಿನ ಮಾತು. ನಾನು ಎದ್ದು ನಿಂತೆ. “ಭಾವ, ಕೋಟಿಗೆ ಗುಂಡಿ ಎರಡೂ ಕಡೆ ಬರಲ್ಲ. ಒಂದು ಕಡೆ ಗುಂಡಿ, ಇನ್ನೊಂದು ಕಡೆ ಕಾಜ. ಗುಂಡಿ ಯಾವಾಗಲೂ ಬಲ ಭಾಗಕ್ಕೆ. ಬಲ ಭಾಗ ಹನ್ನೊಂದು. ನಿಮ್ಮ ಕಡೆ ಬರೋದು ಕಾಜ, ಅಂದ್ರೆ ಬರೀ ತೂತು. ಬೇಕಾದ್ರೆ ನಿಮ್ಮ ಅಂಗಿ ನೋಡ್ಕೊಳ್ಳಿ.”

ನಮ್ಮಣ್ಣ ತಮ್ಮ ಅಂಗಿ ನೋಡಿಕೊಂಡರು. ಕಾರ್ಯದರ್ಶಿ ನೋಡಿಕೊಂಡರು. ಗುಂಡಿ ಬಲಕ್ಕೇ ಇತ್ತು. ಆಕೆ ಹೋದ ಮೇಲೆ ಅಂಥ ಸುಖವನ್ನು ನಾನು ಉಂಡಿರಲಿಲ್ಲ. ಕೈ ಚಾಚಿದೆ.

ಮಗಳು ಡಬ್ಬಿ ಕೊಡಲಿಲ್ಲ. “ಅಪ್ಪ, ಅದು ಗಂಡಸರ ಕೋಟು ಅಲ್ವಾ?”

“ಹೌದು.”

“ಇದು ಅಮ್ಮನ ಬೀಜ. ಅಮ್ಮನಿಗೆ ಒಂದು ಕೋಟು ಹೊಲೀತೀನಿ ಅಂತ ಇಪ್ಪತ್ತು ವರ್ಷ ಹೇಳಿದೆ. ಕೊನೆಗೆ ಹೊಲಿದಿದ್ದು ಇದೊಂದೇ. ಹೆಂಗಸರ ಕೋಟಿಗೆ ಗುಂಡಿ ಯಾವ ಕಡೆ?”

ನನಗೆ ಕೆಮ್ಮು ಬಂತು. ನಲ್ಲಿ ತಿರುಗಿಸಿ ಒಂದು ಬೊಗಸೆ ನೀರು ಕುಡಿದೆ. ಕಾಗದ ಮಡಚಿದೆ. ನರ್ಸಮ್ಮ ತಮ್ಮ ಮೈಮೇಲಿನ ಅಂಗಿ ನೋಡಿಕೊಂಡರು. ಅದಕ್ಕೆ ಜಿಪ್ಪಿತ್ತು. ಮಗಳು ತೊಟ್ಟಿದ್ದು ತಲೆಯಿಂದ ಹಾಕಿಕೊಳ್ಳುವ ಸ್ವೆಟರು. ಆ ಹತ್ತಾರು ಜನರಲ್ಲಿ ಉತ್ತರ ಬಲ್ಲವನು ನಾನೊಬ್ಬನೇ. ಬಲಗಡೆ ಎಂದರೆ ಬಲಗಡೆ. ದೇವರೊಬ್ಬನಿಗೆ ತಿಳಿಯುತ್ತಿತ್ತು, ಅವನು ಯಾರ ಹತ್ತಿರವೂ ಆಡುವವನಲ್ಲ.

ಆದರೆ ನಮ್ಮಣ್ಣ ತಂದ ಆ ದರಿದ್ರ ಸಿದ್ಧ ಕೋಟು ಇತ್ತಲ್ಲ, ಅದರ ಗುಂಡಿಯನ್ನು ನಾನು ಅದೆಷ್ಟು ಸಲ ಹೊಲಿದಿದ್ದೆ. ಆಕೆ ಅದನ್ನು ತೊಟ್ಟೇ ನಿಂತಿರುತ್ತಿದ್ದಳು. “ಬೇಗ ಆಗ್ಲಿ, ಹೊತ್ತಾಯ್ತು” ಎನ್ನುತ್ತಿದ್ದಳು. ನಾನು ಎದುರಿಗೆ ಕೂತು ಕೊನೆಯ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸುತ್ತಿದ್ದೆ. ಯಾವ ಕಡೆ ಎಂಬುದು ಬಾಯಿಗಿಂತ ಮೊದಲು ಬೆರಳಿಗೆ ಬಂತು.

“ಎಡಗಡೆ” ಎಂದೆ.

“ಎಡ ಅಂದ್ರೆ?” ಎಂದರು ಕಾರ್ಯದರ್ಶಿ, ಪೆನ್ನು ಹಿಡಿದು.

“ಹನ್ನೆರಡು ಮಾರಾಯರೇ, ಹನ್ನೆರಡು! ಎಷ್ಟು ಸಲ ಹೇಳಲಿ!”

ನಮ್ಮಣ್ಣನ ಕೈಗೆ ಡಬ್ಬಿ ಹೋಯಿತು. ಅವರು ಮುಚ್ಚಳ ತೆಗೆದು, ಬೀಜ ನೋಡಿ, ಮುಚ್ಚಿ, ಮತ್ತೆ ತೆಗೆದರು. ಆಮೇಲೆ, “ಭಾವನೋರೇ, ನನಗೆ ಮಂಡಿ ನೋವು, ಬಗ್ಗೋಕಾಗಲ್ಲ” ಎಂದರು. ಇಡೀ ದಿನ ಬಗ್ಗಿ ಅಗೆದ ಮನುಷ್ಯ! ನಾನು ಮಂಡಿಯೂರಿದೆ. ಅವರು ಒಂದೊಂದೇ ಬೀಜ ಕೊಟ್ಟರು, ನಾನು ಒಂದೊಂದೇ ಚುಕ್ಕೆಗೆ ಒತ್ತಿದೆ. ಹದಿನೇಳು.

ಹದಿನಾಲ್ಕು ಹುಟ್ಟಿದವು. ನಮ್ಮಣ್ಣ ಒಂದೊಂದಕ್ಕೂ ಅಳೆದು ಕೋಲು ನೆಟ್ಟರು. ಬಳ್ಳಿಗಳು ಕೋಲು ಹತ್ತಿ, ತುದಿ ಮುಟ್ಟಿ, ಆಮೇಲೆ ಒಂದೂ ಬಿಡದೆ ದಾರಿ ದಾಟಿ ನನ್ನ ತುಂಡಿಗೆ ಬಂದವು. ಕೋಲುಗಳ ತುದಿಯಿಂದ ನನ್ನ ಬೇಲಿಗೆ ಅಡ್ಡ ದಾರ ಯಾರು ಕಟ್ಟಿದರೋ ನನಗೆ ತಿಳಿಯದು. ದಪ್ಪ ಕಂದು ದಾರ, ಕೋಟಿನ ಗುಂಡಿಗೆ ಹಾಕುವಂಥದ್ದು.

“ಬೇರೆಲ್ಲ ನನ್ನ ಕಡೆ, ಕಾಯೆಲ್ಲ ನಿಮ್ಮ ಕಡೆ! ಇದು ಯಾವ ನ್ಯಾಯ ಭಾವನೋರೇ?” ಎಂದು ನಮ್ಮಣ್ಣ ದಿನವೂ ಕೇಳುತ್ತಾರೆ.

“ಗುಂಡಿ ಹೊಲಿಯೋದು ಒಂದು ಕಡೆ, ಭಾವ. ಅದು ಹೋಗಿ ಸೇರೋದು ಇನ್ನೊಂದು ಕಡೆ” ಎನ್ನುತ್ತೇನೆ.

ಅವರ ಹೊಟ್ಟೆ ಉರಿಯುವುದು ದಾರಿಯ ಈಚೆಗೂ ಕೇಳಿಸುತ್ತದೆ. ನಾನು ಮೊದಲೇ ಹೇಳಲಿಲ್ಲವೇ? ಅವರ ಕಡೆಯ ಮೂಲಂಗಿ ನನ್ನದಕ್ಕಿಂತ ಎರಡು ಬೆರಳು ದಪ್ಪವಾಗಿರುವುದು ನಿಜ. ಆದರೆ ಆ ನೆಲ ಅಗೆದವನು ನಾನು, ಈ ನೆಲ ಅಗೆದವರು ಅವರು. ಆದ್ದರಿಂದ ಪ್ರತಿ ಬೆಳಗ್ಗೆ ಟೇಪು ಹಿಡಿದು ನಾನು ಅಳೆಯುವುದು ಬರೀ ಕಸುಬಿನ ಅಭ್ಯಾಸ.